ಬಲಗೈಯಲ್ಲಿ ಬರೆದ ಚಿತ್ರ

ಮೇ 6

ಅಕ್ಕಾ,

ಇಂದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಬೀದಿಯಲ್ಲಿ ನಿಂತಿದ್ದ ಕಾರುಗಳ ಗಾಜಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಯಾರೋ ಉಪ್ಪು ಚೆಲ್ಲಿ ಹೋದ ಹಾಗೆ. ನೀನು ಫ್ಯಾನಿನ ಕೆಳಗೆ ಕುಳಿತು ಇದನ್ನು ಓದುತ್ತಿರುತ್ತೀಯ, ನಾನು ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬರೆಯುತ್ತಿದ್ದೇನೆ. ನಿಮಗೆ ಬೇಸಿಗೆ ಏರುವಾಗ ಭೂಮಿಯ ಈ ದಕ್ಷಿಣದ ತುದಿಯಲ್ಲಿ ನಮಗೆ ಚಳಿಗಾಲ ಶುರುವಾಗುತ್ತದೆ. ಎರಡನೇ ವರ್ಷ ಆದರೂ ನನಗೆ ಇದು ಇನ್ನೂ ತಲೆಗೆ ಹತ್ತಿಲ್ಲ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಮಾತ್ರ ಚಳಿಯ ಸುಳಿವೇ ಇಲ್ಲ. ಹಾಸಿಗೆ ಬಟ್ಟೆಗಳು ಕುದಿಯುವ ಆವಿಯಲ್ಲಿ ಇಡೀ ದಿನ ಬೆಂದು, ಸಂಜೆ ಬಾಗಿಲು ತೆಗೆದರೆ ಮುಖಕ್ಕೆ ಹೊಡೆದಂತೆ ಗಾಳಿ. ನಮ್ಮ ಬಾಯ್ಲರ್ ಮೇಸ್ತ್ರಿ ಹೇಳುತ್ತಾರೆ, "ಬೆವರು ಆರಿಸಿಕೊಂಡು ಹೊರಗೆ ಹೋಗಮ್ಮ, ಇಲ್ದಿದ್ರೆ ಎದೆ ಕಟ್ಟುತ್ತೆ" ಎಂದು. ಅವರೂ ನಮ್ಮ ಭಾಷೆಯವರೇ, ಬಹಳ ವರ್ಷದಿಂದ ಇಲ್ಲಿದ್ದಾರೆ. ರಸ್ತೆ ಜಾರುತ್ತದೆಂದು ಬಾಯ್ಲರ್ ಮೇಸ್ತ್ರಿಯೇ ನನ್ನನ್ನು ಮನೆಯ ತಿರುವಿನವರೆಗೆ ಬಿಟ್ಟು ಹೋಗುತ್ತಾರೆ.

ನನ್ನ ಮಗಳು, ನನ್ನ ಬಟಾಣಿ ಹೇಗಿದ್ದಾಳೆ? ಏಳು ತುಂಬಿತಲ್ಲ, ಈಗ ಸ್ವಂತವಾಗಿ ಪತ್ರ ಬರೆಯಬಹುದು. ಎಡಗೈಯಲ್ಲಿ ಬರೆದು ಶಾಯಿ ಉಜ್ಜಿಕೊಂಡು ಹೋದರೂ ಪರವಾಗಿಲ್ಲ, ಅದೇ ನನಗೆ ಬೇಕು. ಅವಳನ್ನು ನಿನ್ನ ಮಡಿಲಿಗೆ ಹಾಕಿ ಬಂದು ಎರಡು ವರ್ಷವಾಗುತ್ತಾ ಬಂತು. ತೀರಿಹೋದ ಅವಳಪ್ಪನ ಮುಖ ಅವಳಿಗೆ ನೆನಪಿಲ್ಲ. ನನ್ನದೂ ಮರೆತುಹೋಗುತ್ತದೇನೋ ಎಂದು ಭಯ. ಭಾವನಿಗೆ ನಮಸ್ಕಾರ.

ನಿನ್ನ ಪುಟ್ಟಿ


ಮೇ 20

ಪುಟ್ಟೀ,

ನಿನ್ನ ಪತ್ರ ಬಂತು. ಫ್ಯಾನಿನ ಕೆಳಗೆ ಕುಳಿತು ಓದುತ್ತೀಯ ಎಂದಿದ್ದೀಯ. ಕರೆಂಟ್ ಇದ್ದರಲ್ಲವೇ ಫ್ಯಾನು! ಬೀಸಣಿಗೆ ಮಾಡಿಕೊಂಡು ಬೀಸಿಕೊಂಡದ್ದು ನಿನ್ನ ಪತ್ರದ ಲಕೋಟೆಯನ್ನೇ.

ಇಂಥ ಬೇಸಿಗೆಯನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಬಾಗಿಲ ಚಿಲಕ ಮುಟ್ಟಲು ಬಟ್ಟೆ ಬೇಕು. ಡಬ್ಬದಲ್ಲಿಟ್ಟ ಮೇಣದ ಬತ್ತಿಗಳು ಇಟ್ಟಲ್ಲೇ ಸೊಂಟ ಬಗ್ಗಿಸಿವೆ. ನಿನ್ನ ಭಾವ ಬಸ್ ಡಿಪೋದಲ್ಲಿ ಸ್ಪಾನರನ್ನು ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ಹಿಡಿಯುತ್ತಾರಂತೆ. ರಾತ್ರಿ ಒದ್ದೆ ದುಪ್ಪಟಿ ಹೊದ್ದು ಮಲಗುತ್ತೇವೆ, ಎದ್ದು ನೋಡಿದರೆ ಅದು ಹಪ್ಪಳ.

ಪಂಪ್‌ಹೌಸಿನ ಕೆಲಸವಂತೂ ಬೇಡ. ದಿನ ಬಿಟ್ಟು ದಿನ ಒಂದೊಂದು ಬೀದಿಗೆ ನೀರು ಬಿಡುವುದು. ವಾಲ್ವ್ ತಿರುಗಿಸುವವಳು ನಾನಾದ್ದರಿಂದ ನೀರನ್ನೆಲ್ಲ ನಾನೇ ಮಡಿಲಲ್ಲಿ ಕಟ್ಟಿಕೊಂಡಿದ್ದೇನೆ ಎಂದು ಜನ ತಿಳಿದಿದ್ದಾರೆ. ಮೊನ್ನೆ ಹಿಂದಿನ ಬೀದಿಯ ಮೀನಿನಂಗಡಿಯವಳು ನನ್ನ ತಲೆ ದಿಟ್ಟಿಸಿ, "ಏನಕ್ಕ, ತಲೆಗೆ ಸ್ನಾನ ಮಾಡ್ಕೊಂಡ್ ಬಂದ್ಯಾ? ನಮಗೆ ಕುಡಿಯೋಕ್ಕೇ ಇಲ್ಲ" ಎಂದಳು. ಅದು ಬೆವರು ಕಣಮ್ಮಾ ಎಂದೆ. ಅವಳು ನಂಬಲಿಲ್ಲ. ನನ್ನ ಬೀದಿಗೆ ಹೆಚ್ಚು ನೀರು ಬಿಡುತ್ತೇನೆಂದು ಮಾತು ಎದ್ದಿದೆ. ನನ್ನ ಬೀದಿಯವರು ನಾನು ಬೇಕೆಂದೇ ಕಡಿಮೆ ಬಿಡುತ್ತೇನೆ ಎನ್ನುತ್ತಾರೆ. ಇಬ್ಬರಿಗೂ ಉತ್ತರ ಕೊಡುವಷ್ಟು ಎಂಜಲು ನನ್ನ ಬಾಯಲ್ಲಿಲ್ಲ.

ಬಟಾಣಿ ಚೆನ್ನಾಗಿದ್ದಾಳೆ. ಸ್ಕೂಲಿಗೆ ರಜೆ. ಮನೆ ಕಾದ ಹೆಂಚಿನ ಹಾಗಾಗುವುದರಿಂದ ನನ್ನ ಜೊತೆ ಪಂಪ್‌ಹೌಸಿಗೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಗೋಡೆ ದಪ್ಪ, ಒಳಗೆ ತಂಪು. ಪೈಪಿಗೆ ಕಿವಿಯಿಟ್ಟು ನೀರಿನ ಸದ್ದು ಕೇಳುತ್ತಾ ಕೂರುತ್ತಾಳೆ. ಪತ್ರ ಬರೆ ಎಂದರೆ "ಆಮೇಲೆ" ಎನ್ನುತ್ತಾಳೆ. ಸೋಮಾರಿತನದಲ್ಲಿ ತಾಯಿಯ ಪಡಿಯಚ್ಚು.

ಮತ್ತೆ, ಆ ಬಾಯ್ಲರ್ ಮೇಸ್ತ್ರಿ ಯಾರು? ನಿನ್ನ ಪತ್ರದಲ್ಲಿ ಅವರು ಬಂದಷ್ಟು ಸಲ ನಿನ್ನ ಭಾವ ಬಂದಿಲ್ಲ. ಸುಮ್ಮನೆ ಕೇಳಿದೆ.

ನಿನ್ನ ಅಕ್ಕ


ಜೂನ್ 3

ಅಕ್ಕಾ,

ನೀನು ಸುಮ್ಮನೆ ಕೇಳುವವಳೇ? ಚಿಕ್ಕಂದಿನಲ್ಲಿ "ಡಬ್ಬ ಮುಟ್ಟಿದ್ಯಾ, ಸುಮ್ನೆ ಕೇಳ್ದೆ" ಎಂದು ಕೇಳಿ ಕಿವಿ ಹಿಂಡುತ್ತಿದ್ದೆ. ಮೇಸ್ತ್ರಿ ಅಂದರೆ ಮೇಸ್ತ್ರಿ. ವಯಸ್ಸಾದವರು. ಅಷ್ಟೇ.

ಇಲ್ಲಿ ಈಗ ಹೊತ್ತು ಏರಿದ ಮೇಲೂ ಕತ್ತಲೆ. ನಿನ್ನೆ ಲಾಂಡ್ರಿಯ ಹಿಂದಿನ ಅಂಗಳದಲ್ಲಿ ನಿಂತ ನೀರೆಲ್ಲ ಗಟ್ಟಿಯಾಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೋಡದೆ ಕಾಲಿಟ್ಟು, ಬುಟ್ಟಿ ಸಮೇತ ಉದ್ದಕ್ಕೆ ಜಾರಿಕೊಂಡು ಹೋದೆ. ಕೆಳಗೆ ಮಂಜುಗಡ್ಡೆ, ಮೇಲೆ ಹಾಸಿಗೆ ಬಟ್ಟೆ, ನಡುವೆ ನಾನು. ನಗು ತಡೆಯಲಾಗಲಿಲ್ಲ. ಬಟಾಣಿ ಇದ್ದಿದ್ದರೆ ಇನ್ನೊಂದು ಸಲ ಜಾರು ಅನ್ನುತ್ತಿದ್ದಳು. ಇಷ್ಟೊಂದು ಮಂಜುಗಡ್ಡೆ ಯಾರಿಗೂ ಬೇಡವಾಗಿ ಬಿದ್ದಿದೆ. ಲಕೋಟೆಯಲ್ಲಿ ಹಾಕಿ ಕಳಿಸಲಾ?

ಅವಳನ್ನು ಪಂಪ್‌ಹೌಸಿಗೆ ಕರೆದುಕೊಂಡು ಹೋಗುವುದು ಸರಿಯೇ? ಜನ ಹಾಗೆಲ್ಲ ಮಾತಾಡುವಾಗ ಮಗುವನ್ನು ಅಲ್ಲಿ ಕೂರಿಸಬೇಡ. ಮತ್ತೆ ಪತ್ರ ಬರೆಸು. ಒಂದೇ ಸಾಲು ಸಾಕು.

ಪುಟ್ಟಿ


ಜೂನ್ 24

ಪುಟ್ಟೀ,

ಇಲ್ಲಿ ಎಲ್ಲರೂ ಕ್ಷೇಮ. ಸೆಖೆ ಇನ್ನೂ ಇಳಿದಿಲ್ಲ, ಮುಂಗಾರು ಕೈಕೊಟ್ಟಿದೆ. ಕೆಲಸ ಹೆಚ್ಚು, ಅದಕ್ಕೇ ತಡವಾಯಿತು. ಬಟಾಣಿ ಬರೆದ ಚಿತ್ರ ಇಟ್ಟಿದ್ದೇನೆ. ಭಾವ ಕೇಳಿದರೆಂದು ತಿಳಿಸಿದ್ದಾರೆ. ನೀನು ಆರೋಗ್ಯ ನೋಡಿಕೋ.

ಅಕ್ಕ


ಜುಲೈ 8

ಅಕ್ಕಾ,

ನಿನ್ನ ಪತ್ರ ಮತ್ತೆ ಮತ್ತೆ ಓದಿದೆ. ಓದುವುದಕ್ಕೆ ಅದರಲ್ಲಿ ಏನೂ ಇಲ್ಲ, ಅದಕ್ಕೇ. ಒಂದು ಬೈಗುಳವಿಲ್ಲ, ತಮಾಷೆಯಿಲ್ಲ, ಬಾಯ್ಲರ್ ಮೇಸ್ತ್ರಿಯ ಬಗ್ಗೆ ವಿಚಾರಣೆಯಿಲ್ಲ. ಗುರುತಿಲ್ಲದವರಿಗೆ ಬರೆದ ಹಾಗೆ "ಎಲ್ಲರೂ ಕ್ಷೇಮ". ನೀನು ಯಾವತ್ತು ಹಾಗೆ ಬರೆದಿದ್ದೆ?

ಚಿತ್ರ ನೋಡಿದೆ. ಮನೆ, ಮರ, ಸೂರ್ಯ. ಅದು ನನ್ನ ಮಗಳು ಬರೆದದ್ದಲ್ಲ. ಅವಳು ಬಣ್ಣ ತುಂಬಿದರೆ ಗೀಟುಗಳು ಎಡಗಡೆಗೆ ವಾಲುತ್ತವೆ, ಕೈ ಉಜ್ಜಿ ಅರ್ಧ ಹಾಳೆ ಮಸಿಯಾಗುತ್ತದೆ. ಈ ಹಾಳೆ ಚೊಕ್ಕವಾಗಿದೆ, ಗೀಟುಗಳು ಬಲಕ್ಕೆ ವಾಲಿವೆ, ಅದೂ ನಡುಗುತ್ತಾ. ಯಾರು ಬರೆದರು? ಭಾವನೇ? ಇಲ್ಲ, ಅವಳೇ ಬರೆದಳು ಎನ್ನುವುದಾದರೆ, ಅವಳ ಕೈಯನ್ನು ಬದಲಾಯಿಸಲು ನಿನಗೆ ಯಾರು ಹೇಳಿದರು? ಎಡಚಿ ಎಂದು ನಿನ್ನ ಅತ್ತೆ ಮುಖ ಸಿಂಡರಿಸಿದಾಗ ನೀನೇ ಅವಳ ಪರ ನಿಂತಿದ್ದೆ.

ಮನಸ್ಸು ತಡೆಯದೆ ಮೊನ್ನೆ ನಿಮ್ಮ ಬೀದಿಯ ಔಷಧಿ ಅಂಗಡಿಗೆ ಟ್ರಂಕ್ ಕಾಲ್ ಮಾಡಿದೆ. ನಿನ್ನನ್ನು ಕರೆಯಿರಿ ಎಂದರೆ ಅವರು, "ನಿಮ್ಮಕ್ಕ ಮನೇಲಿಲ್ಲ ಕಣಮ್ಮ. ಮಗು ಈಗ ಪರವಾಗಿಲ್ಲ, ನೀವು ಯೋಚನೆ ಮಾಡ್ಬೇಡಿ" ಎಂದರು. ಈಗ ಅಂದರೆ? ಮುಂಚೆ ಏನಾಗಿತ್ತು? ಕೇಳಿದರೆ, "ಲೈನು ಸರಿಯಿಲ್ಲ, ಏನೂ ಕೇಳಿಸ್ತಿಲ್ಲ" ಎಂದು ಇಟ್ಟುಬಿಟ್ಟರು. ಲೈನು ಚೆನ್ನಾಗಿಯೇ ಇತ್ತು ಅಕ್ಕಾ. ಅವರ ಅಂಗಡಿಯ ಗಡಿಯಾರ ಟಿಕ್ ಟಿಕ್ ಅನ್ನುವುದೂ ನನಗೆ ಕೇಳಿಸುತ್ತಿತ್ತು.

ಬಾಯಿಬಿಟ್ಟು ಕೇಳುತ್ತೇನೆ. ಅವಳು ನಿನ್ನನ್ನು ಅಮ್ಮ ಎಂದು ಕರೆಯುತ್ತಿದ್ದಾಳಾ? ನನಗೆ ಅವಳಿಂದ ಒಂದು ಸಾಲು ಬಾರದ ಹಾಗೆ ನೋಡಿಕೊಳ್ಳುತ್ತಿದ್ದೀಯಾ? ನಿನಗೆ ಮಕ್ಕಳಿಲ್ಲ. ಎರಡು ವರ್ಷ ಎದೆಗವಚಿಕೊಂಡದ್ದನ್ನು ವಾಪಸ್ಸು ಕೊಡುವುದು ಕಷ್ಟ ಎಂದು ನನಗೂ ಗೊತ್ತು. ಆದರೆ ಅವಳು ನನ್ನ ಮಗಳು.

ಪುಟ್ಟಿ


ಜುಲೈ 22

ನಿನ್ನ ಪತ್ರ ತಲುಪಿತು.

ನನಗೆ ಮಕ್ಕಳಿಲ್ಲ ಎಂಬುದನ್ನು ತಿಳಿಸಿದ್ದಕ್ಕೆ ಸಂತೋಷ. ಮರೆತಿದ್ದೆ.

ಮಗುವಿಗೆ ಸ್ವಲ್ಪ ಜ್ವರ ಬಂದಿತ್ತು. ಹೋಯಿತು. ಎರಡು ವರ್ಷ ಅವಳ ಜ್ವರ, ಹಲ್ಲು, ಹೇನು, ಹೋಂವರ್ಕು ನೋಡಿದವಳಿಗೆ ಒಂದು ಜ್ವರ ಮುಚ್ಚಿಡುವ ಅಧಿಕಾರವೂ ಇಲ್ಲವೇ? ನಿನ್ನ ಎಲ್ಲ ಸುದ್ದಿಯನ್ನೂ ನೀನು ನನಗೆ ಬರೆಯುತ್ತೀಯೋ? "ವಯಸ್ಸಾದವರು" ಎಂದು ಬರೆದೆಯಲ್ಲ, ಎಷ್ಟು ವಯಸ್ಸು? ಹೊಸ ಸಂಸಾರ ಕಟ್ಟಿಕೊಳ್ಳುವವರು ಹಳೆಯದನ್ನು ಅಕ್ಕನ ಮನೆಯಲ್ಲಿ ಬಿಟ್ಟಿರುವುದು ಅನುಕೂಲವೇ. ನಾನು ಬೀದಿ ತುಂಬ ಜನರ ಅನುಮಾನ ಹೊತ್ತುಕೊಂಡು ನಿಂತಿದ್ದೇನೆ. ನಿನ್ನದೂ ಇರಲಿ, ಮೇಲಕ್ಕೆ ಹಾಕು.

ಅಕ್ಕ


ಜುಲೈ 27

ಪುಟ್ಟೀ,

ಮೊನ್ನೆಯ ಪತ್ರವನ್ನು ಅಂಚೆಗೆ ಹಾಕಿದ ಮೇಲೆ ನಿನ್ನ ಭಾವ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. "ನೀನು ಬರೆಯದೆ ಇದ್ರೆ ನಾನು ಬರೀತೀನಿ" ಎಂದರು. ಆ ಮನುಷ್ಯ ಮದುವೆಯಾದಾಗಿನಿಂದ ಒಂದು ಪತ್ರ ಬರೆದವರಲ್ಲ. ನಾನೇ ಬರೆಯುತ್ತೇನೆ. ಕುಳಿತು ಓದು.

ಜೂನ್ ನಡುವೆ ನೀರು ತೀರಾ ತಳ ಕಂಡಿತು. ಎರಡು ಬೀದಿಗೆ ಸರದಿ ತಪ್ಪಿತು, ನೀರಿಲ್ಲವೆಂದು ಸ್ಕೂಲೂ ತೆರೆಯಲಿಲ್ಲ. ಒಂದು ಮಧ್ಯಾಹ್ನ ನಾನೂ ಬಟಾಣಿಯೂ ಪಂಪ್‌ಹೌಸಿನಲ್ಲಿದ್ದಾಗ ಗೇಟಿನ ಹತ್ತಿರ ಗದ್ದಲ ಕೇಳಿತು. ಖಾಲಿ ಬಿಂದಿಗೆ, ಬಕೆಟ್ಟು ಹಿಡಿದು ಜನ ಬಂದಿದ್ದರು. ಕೆಲವರ ಕೈಯಲ್ಲಿ ಕಬ್ಬಿಣದ ಸಲಾಕೆ. ಒಳಗೆ ನುಗ್ಗಿದರೆ ಮೊದಲು ಬರುವುದು ಪಂಪ್‌ಹೌಸಿಗೇ. ಅಂಗಳದ ಮೂಲೆಯಲ್ಲಿ ಹಳೇ ಪೈಪು ಇಡುವ ತಗಡಿನ ಶೆಡ್ ಇದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ, "ನಾನು ಕರೆಯೋವರೆಗೂ ಉಸಿರೆತ್ತಬೇಡ" ಎಂದು ಹೇಳಿ ಬಾಗಿಲು ಮುಚ್ಚಿ ಬಂದೆ. ಒಂದೇ ನಿಮಿಷದ ಮಾತು ಎಂದುಕೊಂಡೆ.

ಅವರು ನನ್ನನ್ನು ಬಿಡಲಿಲ್ಲ. "ಟ್ಯಾಂಕ್ ತುಂಬಿದೆ, ಇವಳು ಮಾರ್ಕೊಳ್ತಿದ್ದಾಳೆ" ಎಂದು ಒಬ್ಬ. "ಬೀಗದ ಕೈ ಕೊಡು" ಎಂದು ಇನ್ನೊಬ್ಬ. ಕೊಡುವುದಿಲ್ಲ ಎಂದೆ. ಕೊಟ್ಟರೆ ವಾಲ್ವ್ ಮುರಿಯುತ್ತಾರೆ, ಮುರಿದರೆ ಇಡೀ ಊರಿಗೆ ಒಂದು ತೊಟ್ಟೂ ಇಲ್ಲ. ಸುತ್ತುವರಿದು ನಿಂತರು. ಮಗು ಶೆಡ್ಡಿನಲ್ಲಿದೆ ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು. ಹೇಳಿದರೆ ಈ ಸಿಟ್ಟಿನಲ್ಲಿ ಅತ್ತ ನುಗ್ಗಿ ಏನು ಮಾಡುತ್ತಾರೋ ಎಂದು ನುಂಗಿಕೊಂಡೆ. ನಾನೂ ಅವರನ್ನು ನಂಬಲಿಲ್ಲ, ನೋಡು. ಕೊನೆಗೆ ಒಬ್ಬ ಏಣಿ ಹತ್ತಿ ಟ್ಯಾಂಕಿನೊಳಗೆ ಇಣುಕಿ, "ನಿಜ ಕಣ್ರೋ, ಇಲ್ಲ" ಎಂದ. ಅಷ್ಟು ಹೊತ್ತಿಗೆ ಬಿಸಿಲು ಪೂರ್ತಿ ಶೆಡ್ಡಿನ ಮೇಲೆ ಬಂದಿತ್ತು.

ಓಡಿದೆ. ಅವಳು ಪೈಪುಗಳ ನಡುವೆ ನೆಟ್ಟಗೆ ಕುಳಿತಿದ್ದಳು. ಮೈಮೇಲೆ ಒಂದು ಹನಿ ಬೆವರಿಲ್ಲ, ಮುಟ್ಟಿದರೆ ಸುಡುತ್ತಿತ್ತು. "ದೊಡ್ಡಮ್ಮ, ನಾನು ಉಸಿರೆತ್ತಲಿಲ್ಲ" ಎಂದಳು. ಆಮೇಲೆ ಕಣ್ಣು ಮೇಲಾಯಿತು.

ಎತ್ತಿಕೊಂಡು ಓಡಿದವರು ಅದೇ ಜನ. ಆಸ್ಪತ್ರೆಯಲ್ಲಿ ಮೈ ತಣ್ಣಗೆ ಮಾಡಬೇಕು, ಮಂಜುಗಡ್ಡೆ ತನ್ನಿ ಎಂದರು. ಎಲ್ಲಿದೆ ಮಂಜುಗಡ್ಡೆ? ಕರೆಂಟಿಲ್ಲದೆ ಊರಿನ ಫ್ರಿಜ್ಜುಗಳೆಲ್ಲ ಬೀರುಗಳಾಗಿದ್ದವು. ಆ ಮೀನಿನಂಗಡಿಯವಳು ತನ್ನ ಮೀನನ್ನೆಲ್ಲ ನೆಲಕ್ಕೆ ಸುರಿದು, ಅದರಡಿಯ ಮಂಜುಗಡ್ಡೆಯನ್ನು ಗೋಣಿಯಲ್ಲಿ ಹೊತ್ತು ತಂದಳು. ಇನ್ನೂ ಬೇಕಾಗಿ ನಾನು ರಾತ್ರಿಯೆಲ್ಲ ಊರು ಅಲೆದು ಮಾರನೆಯ ಬೆಳಿಗ್ಗೆ ಬಟ್ಟೆ ತರಲು ಮನೆಗೆ ಬಂದರೆ, ಬಾಗಿಲಡಿ ನಿನ್ನ ಪತ್ರ. ಮಂಜುಗಡ್ಡೆಯ ಮೇಲೆ ಜಾರಿ ನಕ್ಕೆ, ಯಾರಿಗೂ ಬೇಡವಾಗಿ ಬಿದ್ದಿದೆ ಎಂದು ನೀನು ಬರೆದಿದ್ದೆ. ಅದನ್ನು ಸೆರಗಿಗೆ ಸಿಕ್ಕಿಸಿ, ಬಟ್ಟೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ.

ಮೂರು ವಾರ ಆಸ್ಪತ್ರೆ. ಚಿತ್ರ ಬರೆದದ್ದು ಅವಳೇ. ಎಡಗೈಗೆ ಗ್ಲೂಕೋಸಿನ ಸೂಜಿ ಚುಚ್ಚಿದ್ದರು, ಅದಕ್ಕೆ ಬಲಗೈ. ಗೀಟು ನಡುಗಿದ್ದು ಅವಳ ಕೈ ನಡುಗುವುದರಿಂದ. ಈಗಲೂ ಲೋಟ ಎರಡು ಕೈಯಲ್ಲಿ ಹಿಡಿಯುತ್ತಾಳೆ. ಮಾತು ತಡೆದು ತಡೆದು ಬರುತ್ತದೆ. ದಿನದಿಂದ ದಿನಕ್ಕೆ ಮೇಲು.

ಇಷ್ಟನ್ನು ಅಂದೇ ಬರೆಯಬಹುದಿತ್ತು. ಬರೆಯದಿದ್ದುದಕ್ಕೆ ಬೇರೆ ಕಾರಣವಿದೆ. ಮೊದಲ ವಾರದಲ್ಲೇ ಡಾಕ್ಟರು ಹೇಳಿದರು, "ಈ ಮಗು ಇನ್ನು ಕೆಲವು ವರ್ಷ ಬಿಸಿಲು ತಡೆಯಲ್ಲ. ಮುಂದಿನ ಬೇಸಿಗೆ ಇವಳು ಈ ಊರಲ್ಲಿ ಇರಬಾರದು. ತಣ್ಣಗಿರೋ ಕಡೆ ನಿಮ್ಮವರು ಯಾರಾದ್ರೂ ಇದ್ದಾರಾ?" ನಾನು ಇಲ್ಲ ಎಂದೆ ಪುಟ್ಟೀ. ಭಾವ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡದೆ, ಯಾರೂ ಇಲ್ಲ ಎಂದೆ.

ಅವಳನ್ನು ವಾಪಸ್ಸು ಕೊಡುವುದು ನನಗೆ ಕಷ್ಟ ಎಂಬ ನಿನ್ನ ಮಾತು ಸುಳ್ಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಬಂದು ಕರೆದುಕೊಂಡು ಹೋಗು.

ಅಕ್ಕ


ಆಗಸ್ಟ್ 5

ಅಕ್ಕಾ,

ಜುಲೈ 22ರ ಪತ್ರ ಸಿಕ್ಕಿತು. ಸ್ವಲ್ಪ ಜ್ವರ ಎಂಬುದನ್ನು ನಾನು ನಂಬುವುದಿಲ್ಲ. ರಜೆ ಕೇಳಿದ್ದೇನೆ, ಮುಂದಿನ ವಾರ ಹೊರಡುತ್ತೇನೆ. ಈ ಪತ್ರ ನನಗಿಂತ ಮುಂಚೆ ತಲುಪಿದರೆ ಬಟಾಣಿಯ ಬಟ್ಟೆ ಕಟ್ಟಿಡು.

ನೀನು ಕೇಳಿದ್ದಕ್ಕೆ ಉತ್ತರ. ಹೌದು. ಮೇಸ್ತ್ರಿ ನನಗಿಂತ ಐದು ವರ್ಷಕ್ಕಷ್ಟೇ ದೊಡ್ಡವರು. ಬರುವ ವರ್ಷ ಮದುವೆಯಾಗೋಣ ಎಂದಿದ್ದೇವೆ. ಮಗುವನ್ನು ಇಲ್ಲಿಗೇ ಕರೆಸಿಕೊಳ್ಳಬೇಕು ಎಂದು ಚಳಿಗಾಲಕ್ಕೆ ಮುಂಚೆಯೇ ಮಾತಾಗಿತ್ತು. ಹೇಳಿದರೆ ನೀನು ಅವಳನ್ನು ಬಿಡುವುದಿಲ್ಲ ಎಂದು ಮುಚ್ಚಿಟ್ಟೆ. ನಾನು ಬಿಟ್ಟುಬಿಡುತ್ತೇನೆ ಎಂದು ನೀನು ತಿಳಿದೆ. ಇಬ್ಬರ ಲೆಕ್ಕವೂ ತಪ್ಪು, ಆದರೆ ಸುಳ್ಳು ಹೇಳುವುದರಲ್ಲಿ ಇಬ್ಬರೂ ಸಮ.

ಪುಟ್ಟಿ


ಆಗಸ್ಟ್ 10

ಅಕ್ಕಾ,

ನಿನ್ನ ದೊಡ್ಡ ಪತ್ರ ನಿನ್ನೆ ಬಂತು. ನಾಡಿದ್ದು ಹೊರಡುತ್ತೇನೆ. ಇದು ನಿನಗೆ ನನಗಿಂತ ತಡವಾಗಿ ತಲುಪುತ್ತದೆ ಎಂದು ಗೊತ್ತು. ಎದುರಿಗೆ ನಿಂತಾಗ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶೆಡ್ಡಿನಲ್ಲಿ ಕೂರಿಸಿದ್ದನ್ನು ಕ್ಷಮಿಸಬೇಕಾದದ್ದೇ ಇಲ್ಲ. ನಾನಾಗಿದ್ದರೂ ಅಲ್ಲೇ ಕೂರಿಸುತ್ತಿದ್ದೆ. ಆದರೆ ಆ ಮೂರು ವಾರ ನನ್ನ ಮಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಇಲ್ಲಿ ಹಾಡಿಕೊಂಡು ದುಪ್ಪಟಿ ಮಡಚುತ್ತಿದ್ದೆನಲ್ಲ, ಅದನ್ನು ಹೇಗೆ ನುಂಗಲಿ? ನಾನು ಅಲ್ಲಿ ಮುಖ ಗಂಟಿಕ್ಕಿಕೊಂಡಿದ್ದರೆ ಕಾರಣ ಇದೇ ಎಂದು ತಿಳಿ.

ಪುಟ್ಟಿ


ಆಗಸ್ಟ್ 30

ಅಕ್ಕಾ,

ಸುಖವಾಗಿ ತಲುಪಿದೆವು. ಅವಳು ಮಲಗಿದ್ದಾಳೆ, ಮೂಗಿನವರೆಗೆ ಹೊದಿಕೆ.

ನಿನ್ನ ಮನೆಯಲ್ಲಿ ಎರಡು ವಾರ ನಾವಿಬ್ಬರೂ "ಉಪ್ಪು ಕೊಡು", "ದೀಪ ಆರ್ಸು" ಎನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಭಾವ ಪಾಪ, ಇಬ್ಬರ ನಡುವೆ ಚಪಾತಿ ಹಂಚಿದ ಹಾಗೆ ಮಾತು ಹಂಚಿದರು. ನಾನು ಬಂದ ದಿನ ಅವಳು ನಿನ್ನ ಬೆನ್ನ ಹಿಂದೆ ಅಡಗಿ ನಿಂತಾಗ ನನಗೆ ನಿನ್ನನ್ನು ಕಂಡು ಹೊಟ್ಟೆ ಉರಿಯಿತು. ಆ ರಾತ್ರಿ ನೀನು ಅವಳ ಅಂಗಾಲಿಗೆ ಒದ್ದೆ ಬಟ್ಟೆ ಸುತ್ತಿ, ಅದು ಒಣಗುವ ಮುಂಚೆ ಎದ್ದು ಮತ್ತೆ ಸುತ್ತುತ್ತಿದ್ದೆ. ನಾನು ನಿದ್ದೆ ಬಂದವಳ ಹಾಗೆ ಮಲಗಿ ನೋಡುತ್ತಿದ್ದೆ. ಆಗ ಮಾತಾಡಬೇಕಿತ್ತು.

ನೀನು ಕೆಲಸಕ್ಕೆ ಹೋದಾಗಲೆಲ್ಲ ನಿನ್ನ ಬಟಾಣಿ ನನ್ನನ್ನು ವಿಚಾರಣೆ ಮಾಡುತ್ತಿದ್ದಳು. "ನೀನು ನಿಜವಾದ ಅಮ್ಮನೇನಾ?" ಎಂದು ಮೊದಲ ದಿನ. ಹೌದು ಎಂದರೆ, "ಗುರುತು ತೋರಿಸು" ಎಂದಳು. ನಾವು ಹೋಗುವ ಊರಿನಲ್ಲಿ ಚಳಿ ಎಂದರೆ ಸುತರಾಂ ಒಪ್ಪಲಿಲ್ಲ. "ಇರೋದು ಒಂದೇ ಸೂರ್ಯ. ಇಲ್ಲಿ ಸುಡುವಾಗ ಅಲ್ಲಿ ಹ್ಯಾಗೆ ಚಳಿ? ನೀನು ಸುಳ್ಳು ಹೇಳ್ತೀಯ. ದೊಡ್ಡಮ್ಮನೂ ನಿನ್ನ ನಂಬಲ್ಲ." ಕಿತ್ತಳೆ ಹಣ್ಣು ಹಿಡಿದು ತಿರುಗಿಸಿ ತೋರಿಸಿದೆ. ಹಣ್ಣು ತಿಂದಳು, ಮಾತು ನಂಬಲಿಲ್ಲ.

ನೀನು ಕೊನೆಯ ದಿನ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ವಾಲ್ವ್ ತಿರುಗಿಸುವ ಹೊತ್ತು ಎಂದೆ. ಆ ಹೊತ್ತಿನಲ್ಲಿ ನೀರು ಬಿಡುವ ಬೀದಿ ಯಾವುದೂ ಇಲ್ಲ ಎಂದು ಭಾವ ದಾರಿಯಲ್ಲಿ ಹೇಳಿದರು.

ಇಂದು ಬೆಳಿಗ್ಗೆ ಬಾಗಿಲು ತೆಗೆದೆ. ಮೆಟ್ಟಿಲು, ಬೇಲಿ, ಮೇಸ್ತ್ರಿಯ ಸೈಕಲ್ಲು ಎಲ್ಲ ಬಿಳಿ. ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು, ಯಾರೋ ತನಗೆ ಮೋಸ ಮಾಡಲು ಇಷ್ಟೆಲ್ಲ ಮಾಡಿಟ್ಟಿದ್ದಾರೆ ಎನ್ನುವ ಹಾಗೆ. ಬಗ್ಗಿ ಬೇಲಿಯ ಮೇಲಿನ ಬಿಳುಪನ್ನು ಎಡಗೈ ಬೆರಳಲ್ಲಿ ಕೆರೆದು ನಾಲಗೆಗೆ ಇಟ್ಟುಕೊಂಡಳು. ಬಾಯಿಂದ ಆವಿ ಬಂದದ್ದು ಕಂಡು ಬೆಚ್ಚಿ, ಮತ್ತೊಮ್ಮೆ ಊದಿದಳು, ಮತ್ತೊಮ್ಮೆ. ಆಮೇಲೆ ನನ್ನ ಕಡೆ ತಿರುಗಿ, ತಡೆದು ತಡೆದು ಹೇಳಿದಳು. "ದೊಡ್ಡಮ್ಮನಿಗೆ ಬರಿ. ಚಳಿ... ನಿಜ ಅಂತ ಬರಿ."

ಬರೆದಿದ್ದೇನೆ.

ಪುಟ್ಟಿ


ಸೆಪ್ಟೆಂಬರ್ 14

ಪುಟ್ಟೀ,

ಇಲ್ಲಿ ನಿನ್ನೆ ಮಳೆ ಬಂತು. ಜನ ಬಿಂದಿಗೆ, ಬಕೆಟ್ಟು, ಪಾತ್ರೆ ಎಲ್ಲ ಹೊರಗಿಟ್ಟು ತಾವೂ ಹೊರಗೆ ನಿಂತರು. ನಾನು ಪಂಪ್‌ಹೌಸಿನಲ್ಲಿ ಒಬ್ಬಳೇ ಕುಳಿತು ಶೆಡ್ಡಿನ ತಗಡಿನ ಮೇಲಿನ ಸದ್ದು ಕೇಳಿದೆ. ಆ ಶೆಡ್ಡನ್ನು ಕೀಳಿಸುತ್ತೇನೆ ಎಂದು ಭಾವ ಮೇಲಿನವರಿಗೆ ಹೇಳಿಬಂದಿದ್ದಾರೆ. ಈಗ ನನ್ನ ಹತ್ತಿರ ಮಾತಾಡುತ್ತಾರೆ, ಕೇಳಿದ್ದಕ್ಕಿಂತ ಹೆಚ್ಚೇ.

ಆಗಸ್ಟ್ 10ರ ನಿನ್ನ ಪತ್ರ ಅಂಚೆಯಲ್ಲಿ ಎಲ್ಲೋ ಸಿಕ್ಕಿಕೊಂಡು ನೀವು ಹೊರಟ ಮೇಲೆ ಬಂತು. ಓದಿ ಇಟ್ಟೆ. ನೀನು ಜಾರಿ ನಕ್ಕ ಪತ್ರದ ಪಕ್ಕದಲ್ಲೇ ಇದೆ.

ಮೇಸ್ತ್ರಿಗೆ ಹೇಳು, ಮಗು ಎಡಗೈಯಲ್ಲೇ ಬರೆಯಲಿ, ಶಾಯಿ ಉಜ್ಜಿಹೋದರೆ ಬೈಯಬಾರದು.

ಬಟಾಣಿಗೆ, ನಾನು ನಂಬಿದೆ ಅಂತ ಹೇಳು.

ಅಕ್ಕ